ಕೆರೆಗೆ ಮೊದಲು ಕಪ್ಪೆ, ಕೊನೆಗೆ ಚಿರತೆ

ಹಲಸೂರು ಕೆರೆಯ ದಂಡೆಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ ಅಕ್ಕನ ಮಗ ಇದ್ದಕ್ಕಿದ್ದಂತೆ ಕೇಳಿದ: ‘ಮಾವ, ಈ ಕೆರೇಲಿ ಒಂದು ಹುಲಿ ಬಿಟ್ಟರೆ ಹೇಗೆ?’

ಅವನು ಏಳನೇ ಕ್ಲಾಸು. ಹಿಂದಿನ ರಾತ್ರಿ ಟೀವಿಯಲ್ಲಿ ದಕ್ಷಿಣ ಅಮೆರಿಕದ ಜಾಗ್ವಾರ್ ಒಂದು ನೀರಿಗೆ ಧುಮುಕಿ, ಮೊಸಳೆಯನ್ನು ಕಚ್ಚಿಕೊಂಡು ದಡಕ್ಕೆ ಬಂದದ್ದನ್ನು ನೋಡಿದ್ದನಂತೆ. ಕೆರೆಯ ನಡುಗಡ್ಡೆಯ ಕಡೆ ಕೈತೋರಿಸಿ, ‘ಅಲ್ಲೇ ಇರುತ್ತೆ. ಮೀನು ತಿನ್ಕೊಂಡು ಇರುತ್ತೆ. ಹುಲಿ ಇದೆ ಅಂದ್ರೆ ಯಾರೂ ಇಲ್ಲಿ ಕಸ ಹಾಕೋಕೆ ಬರಲ್ಲ’ ಎಂದ.

‘ಇರೋ ಬೀದಿನಾಯಿಗಳಿಂದ ತಪ್ಪಿಸ್ಕೊಂಡು ನೀನು ಟ್ಯೂಷನ್ನಿಗೆ ಹೋಗಿ ಬರೋದೇ ದೊಡ್ಡ ಸಾಹಸ. ಇನ್ನು ಹುಲಿ ಬೇರೆ ಕೇಡು!’ ಎಂದಳು ಅಕ್ಕ. ಎಲ್ಲರೂ ನಕ್ಕೆವು. ಹುಡುಗನ ಮುಖ ಸಣ್ಣದಾಯಿತು.

ನಗಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಏಕೆಂದರೆ ಅವನು ಕೇಳಿದ್ದನ್ನು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಜನ ಮಾಡಿ ತೋರಿಸಿದ್ದಾರೆ. ಅಷ್ಟೇ ಅಲ್ಲ, ನಾವು ಕೂತಿದ್ದ ಕಲ್ಲುಬೆಂಚಿನಿಂದ ಸುಮಾರು ಹದಿನೈದು ಕಿಲೋಮೀಟರ್ ಪೂರ್ವಕ್ಕೆ, ಯಾರೂ ಬಿಡದೆಯೇ ಒಂದು ದೊಡ್ಡ ಬೆಕ್ಕು ತಾನಾಗಿ ಶಾಲೆಯೊಳಗೆ ಬಂದದ್ದೂ ಉಂಟು. ಈ ಎರಡು ಸಂಗತಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಹುಡುಗನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲು ದೂರದ ಕತೆ. ಅರ್ಜೆಂಟೀನಾ ದೇಶದ ಈಶಾನ್ಯಕ್ಕೆ ಕೊರಿಯೆಂತೆಸ್ ಎಂಬ ಪ್ರಾಂತ್ಯವಿದೆ. ಅಲ್ಲಿ ಇಬೆರಾ ಎಂಬ ಮಹಾ ಜೌಗು ಪ್ರದೇಶ. ಸ್ಥಳೀಯ ಗ್ವಾರಾನಿ ಭಾಷೆಯಲ್ಲಿ ಇಬೆರಾ ಎಂದರೆ ‘ಹೊಳೆಯುವ ನೀರು’. ಕೆರೆ, ಹುಲ್ಲು, ಜೊಂಡು, ತೇಲುವ ನೆಲ ಎಲ್ಲ ಸೇರಿ ಅದರ ವಿಸ್ತಾರ ಸುಮಾರು 13,000 ಚದರ ಕಿಲೋಮೀಟರ್. ಬೆಂಗಳೂರಿನಂಥ ಹದಿನೈದಕ್ಕೂ ಹೆಚ್ಚು ನಗರಗಳನ್ನು ಅದರೊಳಗೆ ಮುಳುಗಿಸಿಬಿಡಬಹುದು!

ಆ ನೀರಿನ ಒಡೆಯ ಜಾಗ್ವಾರ್. ನೋಡಲು ನಮ್ಮ ಚಿರತೆಯ ದೊಡ್ಡಣ್ಣನಂತಿರುತ್ತದೆ. ಗುರುತಿಸುವುದು ಸುಲಭ: ಚಿರತೆಯ ಮೈಮೇಲಿನ ಹೂವಿನಂಥ ಮಚ್ಚೆಗಳ ನಡುವೆ ಖಾಲಿ ಇರುತ್ತದೆ, ಜಾಗ್ವಾರ್‌ನ ಮಚ್ಚೆಗಳ ಒಳಗೆ ಮತ್ತೆ ಸಣ್ಣ ಚುಕ್ಕೆಗಳಿರುತ್ತವೆ. ದನ ಸಾಕುವವರ ಬಂದೂಕು, ಚರ್ಮದ ವ್ಯಾಪಾರಿಗಳ ಆಸೆ ಎರಡೂ ಸೇರಿ ಇಬೆರಾದಲ್ಲಿ ಅದರ ವಂಶವನ್ನೇ ಅಳಿಸಿದವು. ಸುಮಾರು ಎಪ್ಪತ್ತು ವರ್ಷ ಆ ನೀರಿನಲ್ಲಿ ಜಾಗ್ವಾರ್‌ನ ಹೆಜ್ಜೆ ಮೂಡಲಿಲ್ಲ. ಅದರ ಜೊತೆಗೇ ಇರುವೆಭಕ್ಷಕ, ಟೇಪಿರ್, ಅಲ್ಲಿನ ಕಾಡುಹಂದಿ, ಕೆಂಪು–ಹಸಿರು ಮಕಾವ್ ಗಿಳಿಗಳೂ ಕಣ್ಮರೆಯಾದವು.

1983ರಲ್ಲಿ ಪ್ರಾಂತ್ಯ ಸರ್ಕಾರ ಈ ಜೌಗನ್ನು ರಕ್ಷಿತ ಪ್ರದೇಶವೆಂದು ಸಾರಿತು. 1990ರ ದಶಕದ ಕೊನೆಗೆ ಡಗ್ಲಸ್ ಟಾಂಪ್ಕಿನ್ಸ್ ಮತ್ತು ಕ್ರಿಸ್ಟಿನ್ ಟಾಂಪ್ಕಿನ್ಸ್ ಎಂಬ ಅಮೆರಿಕದ ದಂಪತಿ ಅಲ್ಲಿನ ದನದ ಹುಲ್ಲುಗಾವಲುಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಬಟ್ಟೆಬರೆಯ ವ್ಯಾಪಾರದಲ್ಲಿ ದುಡ್ಡು ಮಾಡಿದವರು ಅವರು. ಊರಿನವರಿಗೆ ಗುಮಾನಿ. ‘ಹೊರದೇಶದವರು ನಮ್ಮ ನೀರು ಹೊಡೆಯಲು ಬಂದಿದ್ದಾರೆ’ ಎಂದು ಮಾತಾಡಿಕೊಂಡರು. ಗುಮಾನಿ ಕರಗಲು ವರ್ಷಗಳೇ ಬೇಕಾದವು. ಕೊಂಡ ನೆಲವನ್ನೆಲ್ಲ ಅವರು ದೇಶಕ್ಕೇ ಬಿಟ್ಟುಕೊಟ್ಟು, 2018ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಡಗ್ಲಸ್ ಬದುಕಿರಲಿಲ್ಲ. 2015ರಲ್ಲೇ ತೀರಿಕೊಂಡಿದ್ದರು.

ಈಗ ಮುಖ್ಯ ಮಾತಿಗೆ ಬರೋಣ. ಅವರು ಜಾಗ್ವಾರನ್ನು ಮೊದಲು ತರಲಿಲ್ಲ. ಮೊದಲು ದನಗಳನ್ನು ಹೊರಗೆ ಕಳಿಸಿ ಹುಲ್ಲು ಎದ್ದು ನಿಲ್ಲಲು ಬಿಟ್ಟರು. 2007ರಲ್ಲಿ ಇರುವೆಭಕ್ಷಕಗಳನ್ನು ತಂದು ಬಿಟ್ಟರು. ಇರುವೆ, ಗೆದ್ದಲು ತಿಂದು ಬದುಕುವ ಪ್ರಾಣಿ ಅದು. ಆಮೇಲೆ ಜಿಂಕೆ, ಟೇಪಿರ್, ಕಾಡುಹಂದಿ, ಮಕಾವ್ ಗಿಳಿ. ಹಂದಿ ಗಾತ್ರದ ಇಲಿ ಎನ್ನಬಹುದಾದ ಕ್ಯಾಪಿಬಾರಾ ಅಲ್ಲಿ ಮೊದಲೇ ಸಾಕಷ್ಟಿತ್ತು. ಅಂದರೆ ದೊಡ್ಡ ಬೆಕ್ಕಿನ ಅಡುಗೆಮನೆ ತುಂಬಿತು. ಊಟಕ್ಕೆ ಕರೆಯುವ ಮುಂಚೆ ಅಕ್ಕಿ ಬೇಳೆ ಇದೆಯೇ ಎಂದು ನೋಡಿಕೊಳ್ಳುವುದು ನಮ್ಮಮ್ಮಂದಿರಿಗೆ ಗೊತ್ತಿರುವ ವಿದ್ಯೆ. ಇದೂ ಅದೇ.

ಇಷ್ಟಾದ ಮೇಲೆ ಊರವರನ್ನು ಕೇಳಿದರು: ಜಾಗ್ವಾರ್ ಬಂದರೆ ಆದೀತೆ? ಜೌಗಿನಲ್ಲಿ ಕದ್ದು ಬೇಟೆಯಾಡುತ್ತಿದ್ದವರೇ ಕೆಲವರು ಕಾವಲುಗಾರರಾದರು, ಪ್ರವಾಸಿಗಳಿಗೆ ದಾರಿ ತೋರಿಸುವವರಾದರು. ಪ್ರಾಣಿ ಸತ್ತರೆ ಒಂದು ದಿನದ ಕೂಲಿ, ಬದುಕಿದರೆ ವರ್ಷವಿಡೀ ಸಂಬಳ ಎಂಬ ಲೆಕ್ಕ ಅವರಿಗೆ ಹಿಡಿಸಿತು. ಹೆಚ್ಚಿನವರು ಬರಲಿ ಎಂದರು.

ಆಗ ಶುರುವಾಯಿತು ನಿಜವಾದ ಪಾಠಶಾಲೆ. ಜೌಗಿನ ನಡುವಿನ ಸಾನ್ ಅಲೋನ್ಸೊ ಎಂಬ ದ್ವೀಪದಲ್ಲಿ ದೊಡ್ಡ ದೊಡ್ಡ ಬೇಲಿಗಳನ್ನು ಹಾಕಿದರು. ಮೃಗಾಲಯದಿಂದ ತಾನಿಯಾ ಎಂಬ ಹೆಣ್ಣು ಜಾಗ್ವಾರನ್ನು ತಂದರು. ಮರಿಯಾಗಿದ್ದಾಗಲೇ ಒಂದು ಕಾಲು ಕಳೆದುಕೊಂಡಿತ್ತು ಅದು, ಮೂರೇ ಕಾಲು. ಅದನ್ನು ಕಾಡಿಗೆ ಬಿಡುವಂತಿರಲಿಲ್ಲ. ಆದರೆ 2018ರಲ್ಲಿ ಅದು ಎರಡು ಮರಿ ಹಾಕಿತು. ಆ ಮರಿಗಳಿಗೆ ಮನುಷ್ಯನ ಮುಖ ಕಾಣಿಸದಂತೆ, ಮನುಷ್ಯನ ಕೈಯಿಂದಲೇ ಊಟ ಬರುತ್ತದೆ ಎಂದು ಗೊತ್ತಾಗದಂತೆ ಬೆಳೆಸಿದರು. ಜೀವಂತ ಬೇಟೆಯನ್ನು ತಾವೇ ಹಿಡಿಯುವುದನ್ನು ಅವು ಕಲಿತವು. ಮನುಷ್ಯನನ್ನು ಕಂಡರೆ ಬಾಲ ಅಲ್ಲಾಡಿಸುವ ಹುಲಿ ಹುಲಿಗೂ ಒಳ್ಳೆಯದಲ್ಲ, ಮನುಷ್ಯನಿಗೂ ಅಲ್ಲ.

2021ರ ಜನವರಿಯಲ್ಲಿ, ಮರಿಯಾಗಿದ್ದಾಗ ಬ್ರೆಜಿಲ್‌ನಲ್ಲಿ ಅನಾಥವಾಗಿ ಸಿಕ್ಕಿದ್ದ ಮರಿಯುವಾ ಎಂಬ ತಾಯಿ ತನ್ನೆರಡು ಮರಿಗಳ ಜೊತೆ ಬೇಲಿಯ ಬಾಗಿಲು ದಾಟಿ ಜೌಗಿಗೆ ಇಳಿಯಿತು. ಮೂರು ಕಾಲಿನ ತಾನಿಯಾಳ ಮಗಳೂ ಆಮೇಲೆ ಸ್ವತಂತ್ರಳಾದಳು. ಮುಂದೆ ಹುಲ್ಲಿನ ನಡುವೆಯೇ ಮರಿಗಳು ಹುಟ್ಟಿದವು. ಮೊದಲ ನೆಲ ಕೊಂಡದ್ದಕ್ಕೂ ಮೊದಲ ಜಾಗ್ವಾರ್ ಹೊರಬಂದದ್ದಕ್ಕೂ ನಡುವೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಂತರ!

ನಮ್ಮಲ್ಲಿ ಇಂಥ ಪ್ರಯತ್ನ ನಡೆದಿಲ್ಲವೇ? ನಡೆದಿದೆ. ಚೀತಾಗೆ ನಮ್ಮಲ್ಲಿ ಸಿವಂಗಿ ಎಂಬ ಹಳೆಯ ಹೆಸರೇ ಇದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಬೇಟೆಗೆಂದು ಚೀತಾಗಳನ್ನು ಸಾಕಿದ್ದ. ಹಿಡಿದು ಹಿಡಿದು, ಹೊಡೆದು ಹೊಡೆದು, ಬಯಲುಗಳನ್ನು ಉತ್ತು ಉತ್ತು ಕೊನೆಗೆ 1952ರಲ್ಲಿ ಭಾರತದಲ್ಲಿ ಚೀತಾ ಇಲ್ಲವೆಂದು ಸರ್ಕಾರವೇ ಸಾರಿತು. ಎಪ್ಪತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, ಮರುವರ್ಷ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳು ವಿಮಾನದಲ್ಲಿ ಮಧ್ಯಪ್ರದೇಶಕ್ಕೆ ಬಂದು ಕುನೋ ಅರಣ್ಯ ಸೇರಿದವು. ಮೊದಲ ವರ್ಷದಲ್ಲೇ ಆರು ದೊಡ್ಡ ಚೀತಾಗಳು ಸತ್ತವು. ಇಲ್ಲೇ ಹುಟ್ಟಿದ ಮರಿಗಳಲ್ಲಿ ಕೆಲವು ಸತ್ತು ಕೆಲವು ಬದುಕಿ ಬೆಳೆದವು. ಪ್ರಾಣಿಯನ್ನು ವಿಮಾನದಲ್ಲಿ ತರಲು ಒಂದು ರಾತ್ರಿ ಸಾಕು. ಅದರ ಕಾಲ ಕೆಳಗಿನ ನೆಲವನ್ನು ಅದರದ್ದಾಗಿಸಲು ವರ್ಷಗಳು ಬೇಕು.

ಈಗ ಹತ್ತಿರದ ಕತೆ. 2016ರ ಫೆಬ್ರುವರಿ 7, ಭಾನುವಾರ. ವೈಟ್‌ಫೀಲ್ಡ್ ಕಡೆಯ ಕುಂದಲಹಳ್ಳಿಯ ಒಂದು ಶಾಲೆಯ ಕ್ಯಾಮೆರಾದಲ್ಲಿ ಬೆಳಗಿನ ಜಾವ ಒಂದು ಗಂಡು ಚಿರತೆ ಓಡಾಡಿದ್ದು ಕಾಣಿಸಿತು. ಪುಣ್ಯಕ್ಕೆ ಅಂದು ಮಕ್ಕಳಿರಲಿಲ್ಲ. ಹಗಲಿಡೀ ಅರಣ್ಯ ಇಲಾಖೆಯವರು, ಪೊಲೀಸರು, ಪತ್ರಿಕೆಯವರು, ನೋಡಲು ಬಂದ ಜನ. ಚಿರತೆ ಗಾಬರಿಯಿಂದ ಕಂಡ ಕಂಡವರ ಮೇಲೆ ಎರಗಿತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರೂ ಸೇರಿ ಹಲವರು ಗಾಯಗೊಂಡರು. ಈಜುಕೊಳದ ಪಕ್ಕದಲ್ಲಿ ಅದು ಗುಬ್ಬಿಯವರ ಮೇಲೆ ಬಿದ್ದ ದೃಶ್ಯವನ್ನು ಜಗತ್ತೇ ನೋಡಿತು. ರಾತ್ರಿಯ ಹೊತ್ತಿಗೆ ಅರಿವಳಿಕೆ ಮದ್ದು ಕೊಟ್ಟು ಹಿಡಿದು ಬನ್ನೇರುಘಟ್ಟಕ್ಕೆ ಸಾಗಿಸಿದರು. ಒಂದು ವಾರದಲ್ಲಿ ಅದು ಅಲ್ಲಿನ ಬೋನಿನಿಂದಲೂ ತಪ್ಪಿಸಿಕೊಂಡಿತು! ಆ ಹೊತ್ತಿಗೆ ಇನ್ನೊಂದು ಚಿರತೆ ಕಂಡಿತೆಂಬ ಸುದ್ದಿ ಹಬ್ಬಿ, ಪೂರ್ವ ಬೆಂಗಳೂರಿನ ನೂರಕ್ಕೂ ಹೆಚ್ಚು ಶಾಲೆಗಳಿಗೆ ರಜೆ ಕೊಡಲಾಗಿತ್ತು. ಆ ವಾರ ಮಾರತಹಳ್ಳಿಯಿಂದ ಕೆ.ಆರ್. ಪುರದವರೆಗೆ ಸಂಜೆ ಮಕ್ಕಳನ್ನು ಬೀದಿಗೆ ಬಿಟ್ಟ ತಾಯಂದಿರು ಕಡಿಮೆ.

‘ಕಾಡಿನ ಪ್ರಾಣಿ ಊರಿಗೆ ಬಂತು’ ಎಂದು ನಾವು ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಚಿರತೆ ಬೆಂಗಳೂರಿಗೆ ಹೊಸಬನಲ್ಲ. ಬೆಂಗಳೂರಿನಲ್ಲೇ ಬಾಳಿದ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದರಷ್ಟೆ. ಅದರಲ್ಲಿ ‘ಜಾಲಹಳ್ಳಿಯ ಕುರ್ಕ’ ಎಂಬುದೇ ಒಂದು ಪುಸ್ತಕದ ಹೆಸರು. ಕುರ್ಕ ಎಂದರೆ ಚಿರತೆಯೇ. ಇಂದು ಜಾಲಹಳ್ಳಿಗೆ ಮೆಟ್ರೋದಲ್ಲಿ ಹೋಗಿಬರುತ್ತೇವೆ. 2025ರಲ್ಲಿ ಪ್ರಕಟವಾದ ಹೊಳೆಮತ್ತಿ ನೇಚರ್ ಫೌಂಡೇಶನ್ನಿನ ಕ್ಯಾಮೆರಾ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಅಂಚಿನಲ್ಲಿ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೂ ಸೇರಿದಂತೆ, 80ರಿಂದ 85 ಚಿರತೆಗಳಿವೆ.

ಅವು ಏನು ತಿಂದು ಬದುಕುತ್ತವೆ? ಇಲ್ಲೇ ಅಕ್ಕನ ಬೀದಿನಾಯಿಗಳು ಬರುತ್ತವೆ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ ವಾಸಿಸುವ ಚಿರತೆಗಳನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ, ಅವುಗಳ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಗಳದ್ದೇ ಎಂದು ಗೊತ್ತಾಯಿತು. ನಗರದ ಅಂಚಿನಲ್ಲೂ ಸರಪಣಿ ಸರಳವಾಗಿದೆ. ಮದುವೆ ಛತ್ರದ ಎಂಜಲೆಲೆ, ಕೋಳಿ ಅಂಗಡಿಯ ತ್ಯಾಜ್ಯ, ನಮ್ಮ ಮನೆಯ ಪ್ಲಾಸ್ಟಿಕ್ ಚೀಲ ಖಾಲಿ ಸೈಟಿಗೆ ಬೀಳುತ್ತವೆ. ಕಸಕ್ಕೆ ನಾಯಿ ಮತ್ತು ಹಂದಿ, ನಾಯಿಗೆ ಚಿರತೆ.

ಈಗ ಎರಡೂ ಕತೆಗಳನ್ನು ಪಕ್ಕ ಪಕ್ಕ ಇಡಿ. ಇಬೆರಾದವರು ಮೆಟ್ಟಿಲು ಮೆಟ್ಟಿಲಾಗಿ ಊಟದ ಸರಪಣಿ ಕಟ್ಟಿದರು: ನೀರು, ಹುಲ್ಲು, ಹುಲ್ಲು ತಿನ್ನುವವು, ಜನರ ಒಪ್ಪಿಗೆ, ಕೊನೆಗೆ ಬೆಕ್ಕು. ನಾವೂ ಕಟ್ಟಿದ್ದೇವೆ: ಕಸ, ನಾಯಿ, ಚಿರತೆ. ಅವರದು ತಿಳಿದು ಮಾಡಿದ ಪ್ರಯೋಗ, ನಮ್ಮದು ತಿಳಿಯದೆ ಮಾಡಿದ ಪ್ರಯೋಗ. ನಮ್ಮ ಸರಪಣಿಯಲ್ಲಿ ಬಿಟ್ಟುಹೋದ ಕೊಂಡಿ ಒಂದೇ, ಜನರ ತಿಳಿವಳಿಕೆ. ಅದಿಲ್ಲದ್ದರಿಂದಲೇ ಚಿರತೆ ಕಂಡ ಕೂಡಲೇ ಸಾವಿರ ಜನ ಸೇರುತ್ತೇವೆ. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಬಳಿ ಕಾಣಿಸಿಕೊಂಡ ಚಿರತೆ ನವೆಂಬರ್ 1ರಂದು, ಅದನ್ನು ಹಿಡಿಯುವ ಕಾರ್ಯಾಚರಣೆಯಲ್ಲೇ ಸತ್ತುಹೋಯಿತು. ನಾವು ಅಂದು ರಾಜ್ಯೋತ್ಸವ ಆಚರಿಸುತ್ತಿದ್ದೆವು.

‘ಹಿಡಿದು ದೂರದ ಕಾಡಿಗೆ ಬಿಟ್ಟುಬಿಡಿ, ಮುಗಿಯಿತಲ್ಲ’ ಎನ್ನುವವರು ಬಹಳ ಮಂದಿ. ಹೆತ್ತವರಾಗಿ ಹಾಗನ್ನಿಸುವುದು ಸಹಜ. ಆದರೆ ಆ ಉಪಾಯವನ್ನು ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಮಾಡಿ ನೋಡಿಯಾಗಿದೆ. 2001ರಿಂದ ಮೂರು ವರ್ಷ ಹತ್ತಾರು ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟರು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ ಆಮೇಲೆ 17ಕ್ಕೆ ಏರಿತು ಎನ್ನುತ್ತದೆ ಅತ್ರೇಯ ಅವರ ಅಧ್ಯಯನ. ಕಾರಣ ಊಹಿಸುವುದು ಕಷ್ಟವಲ್ಲ. ಬೋನಿನಲ್ಲಿ ನೊಂದು, ಮನುಷ್ಯರ ನಡುವೆ ಕಂಗೆಟ್ಟ ಪ್ರಾಣಿಯನ್ನು ಗುರುತಿಲ್ಲದ ಊರಲ್ಲಿ ಇಳಿಸಿದರೆ ಅದು ಏನು ಮಾಡೀತು? ಖಾಲಿಯಾದ ಜಾಗಕ್ಕೆ ಇನ್ನೊಂದು ಎಳೆಯ ಚಿರತೆ ಬಂದು ಸೇರಿಕೊಳ್ಳುತ್ತದೆ.

ಬಿಟ್ಟಲ್ಲಿ ಇರುವುದೂ ಇಲ್ಲ. 2009ರಲ್ಲಿ ಮಹಾರಾಷ್ಟ್ರದಲ್ಲಿ ಬಾವಿಗೆ ಬಿದ್ದಿದ್ದ ಒಂದು ಚಿರತೆಗೆ ಕೊರಳಪಟ್ಟಿ ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಅಜೋಬಾ ಎಂದು ಅದಕ್ಕೆ ಹೆಸರು, ಮರಾಠಿಯಲ್ಲಿ ಅಜ್ಜ ಎಂದರ್ಥ. ಅಜ್ಜಯ್ಯ ಹೆದ್ದಾರಿ, ರೈಲುಹಳಿ, ಊರು ಕೇರಿ ಎಲ್ಲ ದಾಟಿ ಸುಮಾರು 120 ಕಿಲೋಮೀಟರ್ ನಡೆದು ಮುಂಬೈಯ ರಾಷ್ಟ್ರೀಯ ಉದ್ಯಾನ ಸೇರಿತು. ದಾರಿಯಲ್ಲಿ ಒಬ್ಬ ಮನುಷ್ಯನ ಮೈಯನ್ನೂ ಮುಟ್ಟಲಿಲ್ಲ. ಕೊನೆಗೆ 2011ರಲ್ಲಿ ವಾಹನವೊಂದು ಅದನ್ನು ಕೊಂದಿತು.

ಹಾಗಾದರೆ ಹುಡುಗನ ಪ್ರಶ್ನೆಗೆ ಏನು ಹೇಳಬೇಕು? ಹಲಸೂರು ಕೆರೆಗೆ ಹುಲಿ ಬೇಡ, ಚಿರತೆಯೂ ಬೇಡ. ಕೆರೆಯ ವಿಸ್ತೀರ್ಣ ಅರ್ಧ ಚದರ ಕಿಲೋಮೀಟರ್ ಆಸುಪಾಸು. ಒಂದು ಗಂಡು ಚಿರತೆಗೆ ಹತ್ತಾರು ಚದರ ಕಿಲೋಮೀಟರ್ ಬೇಕು. ಆದರೆ ಅವನ ಆಸೆಯಲ್ಲಿ ಒಂದು ಸತ್ಯವಿದೆ. ಕೆರೆಗೆ ಅದು ಕಳೆದುಕೊಂಡದ್ದನ್ನು ಹಿಂದಿರುಗಿಸಬೇಕು ಎಂಬ ಸತ್ಯ. ತಪ್ಪಿದ್ದು ಕ್ರಮದಲ್ಲಿ ಮಾತ್ರ. ಅವನು ಕೊನೆಯ ಮೆಟ್ಟಿಲಿನಿಂದ ಶುರುಮಾಡಿದ.

ನಮ್ಮ ಪೂರ್ವದ ಕೆರೆಗಳು ಇನ್ನೂ ಮೊದಲ ಮೆಟ್ಟಿಲಲ್ಲೇ ಇವೆ. ಹಲಸೂರಿನ ನೀರು ಚಲ್ಲಘಟ್ಟದ ಕಣಿವೆಯಲ್ಲಿ ಇಳಿದು ಬೆಳ್ಳಂದೂರು, ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರುವುದು ಹಳೆಯ ವ್ಯವಸ್ಥೆ. ಅದೇ ದಾರಿಯಲ್ಲಿ ಚರಂಡಿ ನೀರು ಹರಿಯಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರಲ್ಲಿ ಮತ್ತೆ, 2018ರಲ್ಲಿ ಮತ್ತೆ. ನೀರಿಗೆ ಬೆಂಕಿ ಹತ್ತುವುದನ್ನು ನಮ್ಮ ಅಜ್ಜಿಯರು ಕತೆಯಲ್ಲೂ ಹೇಳಿರಲಿಲ್ಲ! 2016ರ ಮಾರ್ಚ್‌ನಲ್ಲಿ, ಕುಂದಲಹಳ್ಳಿಗೆ ಚಿರತೆ ಬಂದ ಮರುತಿಂಗಳೇ, ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಚಿರತೆಗೆ ಹೆದರಿ ಶಾಲೆಗೆ ರಜೆ ಕೊಟ್ಟ ನಾವು ಮೀನಿಗೆ ಅಳಲಿಲ್ಲ.

ಮೊದಲ ಮೆಟ್ಟಿಲು: ಚರಂಡಿ ನೀರು ಶುದ್ಧವಾಗದೆ ಕೆರೆಗೆ ಬರಬಾರದು. ಎರಡನೆಯದು: ಕೆರೆಗೆ ಇಳಿಜಾರಿನ ದಡ ಬೇಕು. ಸುತ್ತ ಕಲ್ಲು ಕಟ್ಟಿ, ನಡೆಯಲು ಟೈಲ್ಸ್ ಹಾಕಿ, ಸಾರಿನ ಬಟ್ಟಲಿನಂತೆ ಮಾಡಿಬಿಟ್ಟರೆ ಕಾಲೂರಲು ಕೊಕ್ಕರೆಗೂ ಜಾಗವಿಲ್ಲ, ಮೊಟ್ಟೆಯಿಡಲು ಕಪ್ಪೆಗೂ ಇಲ್ಲ. ಮೂರನೆಯದು: ಜೊಂಡು, ಹುಲ್ಲು. ನಾಲ್ಕನೆಯದು: ಕಪ್ಪೆ, ಏರೋಪ್ಲೇನ್ ಚಿಟ್ಟೆ, ಸಣ್ಣ ಮೀನು. ಅವು ಬಂದರೆ ಮಿಂಚುಳ್ಳಿ, ನೀರುಕಾಗೆ, ನೀರುಹಾವು, ಮುಂಗುಸಿ ಯಾರೂ ಕರೆಯದೆ ಬರುತ್ತವೆ. ಇದು ಬರಿಯ ಕನಸಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೂ ನಗರಾಡಳಿತವೂ ಕೂಡಿ 2009ರಿಂದ ಎರಡು ಮೂರು ವರ್ಷಗಳಲ್ಲಿ ಎಬ್ಬಿಸಿ ನಿಲ್ಲಿಸಿದರು. ನೀರು ನಿಂತ ಮೇಲೆ ಹಕ್ಕಿಗಳು ಹಿಂದಿರುಗಿದವು.

ಕೊನೆಯ ಮೆಟ್ಟಿಲಿನ ಚಿರತೆಗೆ ನಾವು ಮಾಡಬೇಕಾದ್ದು ಅದನ್ನು ತರುವುದಲ್ಲ, ಅದು ಇರುವಲ್ಲೇ ಇರಲು ಬಿಡುವುದು. ಬನ್ನೇರುಘಟ್ಟದ ಅಂಚಿನ, ಹೊರವಲಯದ ಕುರುಚಲು ಗುಡ್ಡಗಳು ಉಳಿದರೆ ಅದು ಅಲ್ಲೇ ಬಾಳುತ್ತದೆ. ಅಂಥ ಬಡಾವಣೆಗಳಲ್ಲಿ ಮನೆ ಮಾಡಿರುವ ಹೆತ್ತವರಿಗೆ ಮಾತು ಎರಡೇ: ಮುಸ್ಸಂಜೆ ಮೇಲೆ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ, ಬೀದಿಗೆ ಎಂಜಲು ಎಸೆಯಬೇಡಿ. ಮತ್ತು ಚಿರತೆ ಕಂಡಿತೆಂದರೆ ಅರಣ್ಯ ಇಲಾಖೆಗೆ ತಿಳಿಸಿ ಮನೆಯೊಳಗಿರಿ. ದಾರಿ ಬಿಟ್ಟರೆ ಅದು ಹೋಗುತ್ತದೆ, ಗುಂಪುಗೂಡಿ ಸುತ್ತುವರಿದರೆ ಎರಗುತ್ತದೆ.

ವಿದ್ಯಾರ್ಥಿಗಳಿಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆ ಹತ್ತಿರದ ಕೆರೆ ಯಾವುದೇ ಇರಲಿ, ಹಲಸೂರೋ, ಕುಂದಲಹಳ್ಳಿಯೋ, ಕೆ.ಆರ್. ಪುರದ ವೆಂಗಯ್ಯನ ಕೆರೆಯೋ, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ದಂಡೆಗೆ ಹೋಗಿ ಕಿವಿಗೊಡಿ. ಎಷ್ಟು ಬಗೆಯ ಕಪ್ಪೆ ಕೂಗುತ್ತದೆ ಎಂದು ಬರೆದಿಡಿ. ಮುಂದಿನ ವರ್ಷ ಅದೇ ದಿನ ಮತ್ತೆ ಹೋಗಿ. ಹತ್ತು ವರ್ಷ ಹಾಗೆ ಬರೆದಿಟ್ಟ ನೋಟ್‌ಬುಕ್ಕು ಯಾವ ಸರ್ಕಾರಿ ವರದಿಗಿಂತಲೂ ಚೆನ್ನಾಗಿ ಕೆರೆಯ ಆರೋಗ್ಯವನ್ನು ಹೇಳುತ್ತದೆ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಅವನು ಬೆರಳು ಮಡಿಸಿ ಲೆಕ್ಕ ಹಾಕಿ, ‘ಹಾಗಾದ್ರೆ ನಾನು ಕಾಲೇಜು ಮುಗಿಸೋ ಹೊತ್ತಿಗೆ ಕಪ್ಪೆ ತನಕ ಬಂದಿರ್ತೀವಾ?’ ಎಂದ. ಬಂದಿರಬಹುದು ಎಂದೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಅವನ ಕೈಗೆ ಹಸಿಕಸದ ಬುಟ್ಟಿ ಕೊಟ್ಟಳು. ‘ಗಾಡಿ ಬಂದಿದೆ. ಗಾಡಿಗೇ ಹಾಕಿ ಬಾ, ಮೂಲೆಗೆ ಸುರೀಬೇಡ. ನಾಯಿ ಸೇರ್ತವೆ.’

ಹುಡುಗ ನನ್ನ ಕಡೆ ತಿರುಗಿ ನಕ್ಕ. ಬುಟ್ಟಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದ.